ಉಬ್ಬಸದ ಪಥ್ಯ

ಕನ್ನಡದಲ್ಲಿ ಈ ಒಂದು ಬೇನೆಗೆ ಎಷ್ಟು ಹೆಸರುಗಳಿವೆ ಎಂದು ಎಣಿಸತೊಡಗಿದರೆ, ಇದು ನಮ್ಮ ಜನವನ್ನು ಎಷ್ಟು ಕಾಲದಿಂದ ಕಾಡುತ್ತಿರಬೇಕು ಎಂಬುದು ತಾನಾಗಿ ಮನಸ್ಸಿಗೆ ಬರುತ್ತದೆ. ಉಬ್ಬಸ, ಗೂರಲು, ಏದುಸಿರು, ದಮ್ಮು. ಪಂಡಿತರ ಬಾಯಲ್ಲಿ ಶ್ವಾಸರೋಗ. ಈಗ ಹಳ್ಳಿಯ ಹೆಂಗಸರ ಬಾಯಲ್ಲೂ ಆಸ್ತಮಾ. ಗೂರಲು ಎಂಬ ಮಾತು ಎದೆಯೊಳಗಿನ ಸದ್ದನ್ನೇ ಅನುಕರಿಸುವಂತಿದೆ. ಉಬ್ಬಸ ಎಂದಾಗ ಉಬ್ಬಿ ನಿಂತ ಎದೆಯೊಂದು ಕಣ್ಣಿಗೆ ಕಟ್ಟುತ್ತದೆ. ವ್ಯುತ್ಪತ್ತಿಯ ಜಗಳಕ್ಕೆ ನಾನಿಲ್ಲಿ ಇಳಿಯುವುದಿಲ್ಲ. ದಮ್ಮು ಪಾರಸಿಯಿಂದ ಬಂದದ್ದು. ಅಲ್ಲಿ ಅದಕ್ಕೆ ಉಸಿರು ಎಂದೇ ಅರ್ಥ. ಉಸಿರನ್ನು ಹೇಳುವ ಮಾತೇ ಉಸಿರು ಸಿಕ್ಕದ ರೋಗಕ್ಕೆ ಹೆಸರಾದದ್ದು ಭಾಷೆಯ ವಿಚಿತ್ರಗಳಲ್ಲೊಂದು.

ಆಸ್ತಮಾ ಎಂಬುದೋ ಗ್ರೀಕರ ಶಬ್ದ. ಹೋಮರನ ಇಲಿಯಡ್ ಕಾವ್ಯದ ಹದಿನೈದನೆಯ ಸರ್ಗದಲ್ಲಿ, ಅಜಾಕ್ಸನು ಎಸೆದ ಬಂಡೆಯ ಪೆಟ್ಟಿಗೆ ಸಿಕ್ಕಿ ನೆಲಕ್ಕೊರಗಿದ ವೀರ ಹೆಕ್ಟರನು ಉಸಿರಿಗಾಗಿ ಏಗುತ್ತಿರುವಲ್ಲಿ ಈ ಶಬ್ದ ಬರುತ್ತದೆ. ಅಲ್ಲಿ ಅದು ರೋಗದ ಹೆಸರಲ್ಲ, ಏದುಸಿರು ಮಾತ್ರ. ವೈದ್ಯರು ಆ ಮಾತನ್ನು ಕವಿಗಳಿಂದ ಪಡೆದು ತಮ್ಮದಾಗಿ ಮಾಡಿಕೊಂಡರು.

ಇಂದಿನ ನನ್ನ ಮಾತು ಚಿಕಿತ್ಸೆಯ ವಿಚಾರವಾಗಿ ಅಲ್ಲ. ನಾನು ವೈದ್ಯನಲ್ಲ, ಮೂವತ್ತು ವರ್ಷಕ್ಕೂ ಮೀರಿ ಕಾಲೇಜಿನಲ್ಲಿ ಪಂಪ ರನ್ನರ ಪಾಠ ಹೇಳಿಕೊಂಡು ಬಂದವನು. ಉಬ್ಬಸದವನು ಏನು ಉಣ್ಣಬೇಕು, ಏನು ಉಣ್ಣಬಾರದು, ಏನನ್ನು ಸೇದಬೇಕು, ಏನನ್ನು ಕುಡಿಯಬೇಕು ಎಂದು ಎರಡು ಸಾವಿರ ವರ್ಷಗಳಿಂದ ನಡೆದುಬಂದಿರುವ ಉಪದೇಶದ ಕಥೆಯಷ್ಟನ್ನು ಹೇಳಬೇಕೆಂದಿದ್ದೇನೆ. ಇದರಲ್ಲಿ ತಿಳಿವಿದೆ, ಮೌಢ್ಯವಿದೆ, ಎರಡೂ ಒಂದೇ ಪುಟದಲ್ಲಿ ಕುಳಿತಿರುವುದೂ ಉಂಟು.

ಚರಕಸಂಹಿತೆಯ ಚಿಕಿತ್ಸಾಸ್ಥಾನದ ಹದಿನೇಳನೆಯ ಅಧ್ಯಾಯವು ಬಿಕ್ಕಳಿಕೆಗೂ ಶ್ವಾಸರೋಗಕ್ಕೂ ಮೀಸಲಾದದ್ದು. ಶ್ವಾಸರೋಗವನ್ನು ಅಲ್ಲಿ ಐದಾಗಿ ವಿಂಗಡಿಸಿದೆ: ಮಹಾ, ಊರ್ಧ್ವ, ಛಿನ್ನ, ತಮಕ, ಕ್ಷುದ್ರ. ಇವುಗಳಲ್ಲಿ ತಮಕಶ್ವಾಸದ ವರ್ಣನೆಯನ್ನು ಓದಿದವರಿಗೆ ಇದು ನಮ್ಮ ಉಬ್ಬಸವೇ ಎಂಬುದರಲ್ಲಿ ಸಂಶಯ ಉಳಿಯಲಾರದು. ರೋಗಿಗೆ ಮಲಗಿದರೆ ಸಂಕಟ, ಎದ್ದು ಕುಳಿತರೆ ತುಸು ನೆಮ್ಮದಿ. ಗಂಟಲಲ್ಲಿ ಗುರುಗುರು ಸದ್ದು. ಕಫ ಹೊರಬಂದರೆ ಮುಹೂರ್ತಕಾಲ ಸುಖ. ಮೋಡ ಕವಿದಾಗ, ಮಳೆ ಬಂದಾಗ, ಥಂಡಿಯಲ್ಲಿ, ಮೂಡಣ ಗಾಳಿ ಬೀಸಿದಾಗ ಉಲ್ಬಣ. ಬಿಸಿಯಾದುದರ ಮೇಲೆ ಆಸೆ. ರೋಗಿಯ ಹಾಸಿಗೆಯ ಪಕ್ಕದಲ್ಲಿ ಇರುಳೆಲ್ಲ ಕುಳಿತು ನೋಡಿದವನಲ್ಲದೆ ಬೇರೆಯವನು ಇದನ್ನು ಬರೆಯಲಾರ. ಇನ್ನೊಂದು ಸೂಕ್ಷ್ಮವೂ ಅಲ್ಲಿದೆ. ಈ ರೋಗ ಹೊಸದಾಗಿದ್ದರೆ ಗುಣವಾದೀತು, ಹಳೆಯದಾದರೆ 'ಯಾಪ್ಯ' ಎಂದು ಚರಕ ಹೇಳುತ್ತಾನೆ. ಯಾಪ್ಯವೆಂದರೆ ಬೇರುಸಹಿತ ಹೋಗದ, ಆದರೆ ಔಷಧ ಪಥ್ಯಗಳು ನಡೆಯುತ್ತಿರುವಷ್ಟು ಕಾಲ ಹದ್ದಿನಲ್ಲಿ ಇರುವ ರೋಗ. ಆಸ್ತಮಾದ ವಿಷಯದಲ್ಲಿ ಇಂದಿನ ವೈದ್ಯರು ಹೇಳುವುದೂ ಇದನ್ನೇ. ಅವರಿಗೆ ಇಷ್ಟು ಅಡಕವಾದ ಒಂದು ಶಬ್ದ ಸಿಕ್ಕಿಲ್ಲ, ಅಷ್ಟೆ.

ಇನ್ನು ಚರಕನ ಪಥ್ಯ. ಕಫವನ್ನು ಹೆಚ್ಚಿಸುವ ಆಹಾರ ವರ್ಜ್ಯ. ನುಗ್ಗೆಯ ಸಾರು, ಒಣಮೂಲಂಗಿಯ ಸಾರು ಹಿತ. ನವಿಲು, ತಿತ್ತಿರಿ, ಕೋಳಿಗಳ ಮಾಂಸವನ್ನು ದಶಮೂಲದ ಕಷಾಯದಲ್ಲೋ ಹುರುಳಿಯ ಕಟ್ಟಿನಲ್ಲೋ ಬೇಯಿಸಿ ಕೊಡುವುದು ಹಿತ. ಹುರುಳಿಕಟ್ಟಿನ ಹೆಸರು ಕೇಳಿ ನಮ್ಮ ಕೆಲವು ಓದುಗರ ಬಾಯಲ್ಲಿ ನೀರೂರಿದರೆ ಆಶ್ಚರ್ಯವಿಲ್ಲ.

ಈ ಮಾಂಸರಸದ ವಿಷಯ ಕರ್ನಾಟಕಕ್ಕೆ ಬಂದಾಗ ಒಂದು ತಕರಾರು ಎದ್ದಿತು. ಒಂಬತ್ತನೆಯ ಶತಮಾನದ ಜೈನ ವೈದ್ಯ ಉಗ್ರಾದಿತ್ಯನು ಕಲ್ಯಾಣಕಾರಕವೆಂಬ ಸಂಸ್ಕೃತ ಗ್ರಂಥವನ್ನು ಬರೆದವನು. ಔಷಧಕ್ಕಾಗಿಯೂ ಮಾಂಸ ಬೇಡವೆಂದು ನೃಪತುಂಗನ ಸಭೆಯಲ್ಲಿ ವಾದಿಸಿದವನು. ಹನ್ನೆರಡನೆಯ ಶತಮಾನದಲ್ಲಿ ಜಗದ್ದಳ ಸೋಮನಾಥನು ಪೂಜ್ಯಪಾದರ ವೈದ್ಯಗ್ರಂಥವನ್ನು ಕರ್ಣಾಟಕ ಕಲ್ಯಾಣಕಾರಕವೆಂಬ ಹೆಸರಿನಲ್ಲಿ ಕನ್ನಡಕ್ಕೆ ತಂದಾಗಲೂ ಮದ್ಯಮಾಂಸಗಳನ್ನು ಹೊರಗಿಟ್ಟ ಚಿಕಿತ್ಸೆಯನ್ನೇ ಹಿಡಿದನು. ರೋಗಿಯ ತಟ್ಟೆಯ ಮೇಲೆ ವೈದ್ಯಶಾಸ್ತ್ರ ಒಂದೇ ಎಂದೂ ಅಧಿಕಾರ ನಡೆಸಿದ್ದಿಲ್ಲ. ಧರ್ಮ, ಕುಲ, ಮನೆಯ ಹಿರಿಯರ ಮಾತು ಎಲ್ಲವೂ ಅಲ್ಲಿ ಬಂದು ಕೂರುತ್ತವೆ.

ಸೋಮನಾಥನ ಕಾಲಕ್ಕೆ ಸ್ವಲ್ಪ ಈಚೆಗೆ, ಸುಮಾರು ೧೧೯೦ರಲ್ಲಿ, ಈಜಿಪ್ಟಿನ ಕೈರೋ ನಗರದಲ್ಲಿ ಯಹೂದಿ ತತ್ತ್ವಜ್ಞಾನಿ ಮೈಮೊನಿಡೀಸನು ಆಸ್ತಮಾವನ್ನು ಕುರಿತೇ ಹದಿಮೂರು ಅಧ್ಯಾಯಗಳ ಒಂದು ಪುಸ್ತಕವನ್ನು ಅರಬ್ಬಿಯಲ್ಲಿ ಬರೆದನು. ಅದು ಒಬ್ಬ ಶ್ರೀಮಂತ ರೋಗಿಗೆ ಬರೆದ ಉತ್ತರ. ಆ ರೋಗಿಯ ಊರು ಅಲೆಕ್ಸಾಂಡ್ರಿಯ. ಸಮುದ್ರತೀರದ ತೇವದ ಹವೆ. ಕೈರೋವಿನ ಒಣಹವೆಗೆ ಬಂದರೆ ಗುಣವಾದೀತೇ ಎಂಬುದು ಅವನ ಪ್ರಶ್ನೆಗಳಲ್ಲೊಂದು. ಮೈಮೊನಿಡೀಸ್ ಸೂಚಿಸಿದ ಪಥ್ಯ ಹೀಗಿದೆ: ಮಿತವಾಗಿ ಉಣ್ಣು; ಕೊಬ್ಬಿದ ಮಾಂಸ ಬೇಡ; ಹಾಲು ಮತ್ತು ಹಾಲಿನ ಪದಾರ್ಥ ಬೇಡ; ಕೋಳಿಯ ಸಾರು ಒಳ್ಳೆಯದು; ಉಂಡ ಕೂಡಲೆ ನಿದ್ರೆ ಮಾಡಬೇಡ; ಪಟ್ಟಣದ ಕೆಟ್ಟ ಗಾಳಿಯಿಂದ ದೂರವಿರು; ಮನಸ್ಸನ್ನು ಪ್ರಸನ್ನವಾಗಿಟ್ಟುಕೋ. ಕಡೆಯ ಅಧ್ಯಾಯದಲ್ಲಿ, ಉಗ್ರವಾದ ಔಷಧಗಳನ್ನು ಅವಸರದಿಂದ ಕೊಡುವ ವೈದ್ಯರಿಂದ ಆಗುವ ಅನಾಹುತಗಳನ್ನು ಹೇಳಿ ಎಚ್ಚರಿಸುತ್ತಾನೆ. ನನಗೆ ಆ ಗ್ರಂಥದಲ್ಲಿ ತುಂಬ ಮೆಚ್ಚಿಕೆಯಾದದ್ದು ಆ ಅಧ್ಯಾಯವೇ. ವೈದ್ಯನಾಗಿದ್ದುಕೊಂಡು ವೈದ್ಯರನ್ನು ಕುರಿತು ಹಾಗೆ ಬರೆಯುವುದಕ್ಕೆ ಎದೆ ಬೇಕು.

ಹಾಲು ಬೇಡ ಎಂಬ ಈ ಮಾತನ್ನು ಸ್ವಲ್ಪ ಗಮನಿಸಬೇಕು. ಕೈರೋವಿನಲ್ಲಿ ಮೈಮೊನಿಡೀಸ್ ಹೇಳಿದ್ದನ್ನು ಅವನ ಹೆಸರನ್ನೇ ಕೇಳದ ನಮ್ಮ ಮಲೆನಾಡಿನ ಅಜ್ಜಿಯರೂ ಹೇಳುತ್ತಿದ್ದರು. ನನ್ನ ಸೋದರತ್ತೆಯೊಬ್ಬರು ಚಿಕ್ಕಂದಿನಿಂದಲೇ ಉಬ್ಬಸದವರು. ಗಂಡ ತೀರಿಕೊಂಡ ಮೇಲೆ ನಮ್ಮ ಮನೆಗೇ ಬಂದಿದ್ದರು. ಅವರಿಗೆ ವರ್ಜ್ಯವಾದ ಪದಾರ್ಥಗಳು ಒಂದೆರಡಲ್ಲ: ಹಾಲು ಬೇಡ, ಮೊಸರು ಬೇಡ, ಮಜ್ಜಿಗೆಯಂತೂ ಕೂಡದು, ಬಾಳೆಹಣ್ಣು ಶೀತ, ಸೀಬೆಹಣ್ಣು ಕೆಮ್ಮು, ಸೌತೆ ಕುಂಬಳಗಳು ಥಂಡಿ, ಬದನೆ ನಂಜು, ಕಿತ್ತಳೆ ಹುಳಿ, ಹಲಸಿನ ಹೆಸರೆತ್ತಬಾರದು. ಉಳಿದದ್ದು ಬಿಸಿ ಅನ್ನ, ಮೆಣಸಿನ ಸಾರು. ರಾತ್ರಿಗೆ ಅದೂ ಇಲ್ಲ. ಯಾರೂ ಕೇಡು ಬಗೆದು ಹಾಗೆ ಮಾಡಿದ್ದಲ್ಲ; ಪ್ರೀತಿಯಿಂದಲೇ ಒಂದೊಂದಾಗಿ ತೆಗೆದುಹಾಕಿದ್ದು. ಮಳೆಗಾಲದ ರಾತ್ರಿಗಳಲ್ಲಿ ಅವರು ನಡುಮನೆಯ ಕಂಬಕ್ಕೆ ದಿಂಬನ್ನು ಆನಿಸಿಕೊಂಡು ಕುಳಿತಿರುತ್ತಿದ್ದರು. ಅವರ ಎದೆಯ ಸದ್ದು ಹೊರಗಿನ ಮಳೆಯ ಸದ್ದಿನೊಳಗೂ ನಮಗೆ ಕೇಳುತ್ತಿತ್ತು. ನಲವತ್ತು ತುಂಬುವ ಹೊತ್ತಿಗೆ ಅವರ ಕೈಗಳು ಹತ್ತು ವರ್ಷದ ಹುಡುಗಿಯ ಕೈಗಳಂತೆ ಆಗಿದ್ದವು.

ಈ ನಿಷೇಧಗಳಲ್ಲಿ ಎಷ್ಟು ನಿಜ? ಹಾಲಿನಿಂದ ಕಫ ಹೆಚ್ಚುತ್ತದೆಯೇ ಎಂಬುದನ್ನು ಆಸ್ಟ್ರೇಲಿಯದ ಸಂಶೋಧಕರು ಪರೀಕ್ಷಿಸಿ ೧೯೯೦ರಲ್ಲಿ ಪ್ರಕಟಿಸಿದರು. ಅರುವತ್ತು ಜನ ಸ್ವಯಂಸೇವಕರಿಗೆ ನೆಗಡಿಯ ವಿಷಾಣುವನ್ನು ಕೊಟ್ಟು, ಅವರು ಕುಡಿದ ಹಾಲನ್ನೂ ಮೂಗಿನಿಂದ ಬಂದ ಸಿಂಬಳವನ್ನೂ ತೂಗಿ ನೋಡಿದರು. ಎರಡಕ್ಕೂ ಸಂಬಂಧ ಕಾಣಲಿಲ್ಲ. ಹಾಲು ಎಂಜಲಿನೊಡನೆ ಬೆರೆತು ಗಂಟಲಿಗೆ ಅಂಟಿದಂತೆ ತೋರುವುದರಿಂದ ಕಫವೆಂಬ ಭ್ರಮೆ ಹುಟ್ಟುತ್ತದೆ. ಹಾಲು, ಮೊಟ್ಟೆ, ಕಡಲೆಕಾಯಿ ಮೊದಲಾದವು ನಿಜವಾಗಿ ಒಗ್ಗದವರು ಇದ್ದಾರೆ. ಆದರೆ ಅವರು ಕೆಲವರು, ಅದನ್ನು ಪರೀಕ್ಷಿಸಿ ತಿಳಿಯುವ ಮಾರ್ಗವೂ ಇದೆ. ಊರವರೆಲ್ಲರ ತಟ್ಟೆಯಿಂದ ಹಣ್ಣು ಹಾಲುಗಳನ್ನು ತೆಗೆಯುವುದಕ್ಕೆ ಅದು ಕಾರಣವಾಗಲಾರದು.

ಇರಲಿ, ಕಥೆಗೆ ಮರಳೋಣ. ಇಂಗ್ಲೆಂಡಿನ ಲಿಚ್‌ಫೀಲ್ಡ್ ಎಂಬ ಊರಿನಲ್ಲಿ ಸರ್ ಜಾನ್ ಫ್ಲಾಯರ್ ಎಂಬ ವೈದ್ಯನಿದ್ದನು. ನಾಡಿಯ ಬಡಿತವನ್ನು ಗಡಿಯಾರದಿಂದ ಎಣಿಸುವ ಪದ್ಧತಿಯನ್ನು ತಂದವನು ಅವನೇ. ಅವನೂ ಉಬ್ಬಸದ ರೋಗಿ. ತನ್ನ ಅನುಭವವನ್ನೇ ಆಧಾರ ಮಾಡಿಕೊಂಡು ೧೬೯೮ರಲ್ಲಿ ಆಸ್ತಮಾವನ್ನು ಕುರಿತ ಗ್ರಂಥವೊಂದನ್ನು ಪ್ರಕಟಿಸಿದನು. ಅದೇ ಊರಿನಲ್ಲಿ ಗಂಡಮಾಲೆಯಿಂದ ನರಳುತ್ತಿದ್ದ ಒಂದು ಮಗುವನ್ನು ಲಂಡನ್ನಿಗೆ ಕೊಂಡೊಯ್ದು ರಾಣಿ ಆ್ಯನ್‌ಳ ಕೈಯಿಂದ ಮುಟ್ಟಿಸಿರೆಂದು ಸಲಹೆ ಕೊಟ್ಟವನೂ ಫ್ಲಾಯರನೇ. ೧೭೧೨ರಲ್ಲಿ ಹಾಗೆ ಮುಟ್ಟಿಸಿಕೊಂಡ ಆ ಮಗುವೇ ಮುಂದೆ ಇಂಗ್ಲಿಷ್ ನಿಘಂಟಿನ ಕರ್ತೃವಾದ ಡಾಕ್ಟರ್ ಸ್ಯಾಮ್ಯುಯೆಲ್ ಜಾನ್ಸನ್. ಆತ ಮುಪ್ಪಿನಲ್ಲಿ ಉಬ್ಬಸದಿಂದ ನರಳಿ, ೧೭೮೪ರಲ್ಲಿ, ತಾನು ಸಾಯುವ ವರ್ಷ, ಹುಟ್ಟೂರಿಗೆ ಹೋದಾಗ ಅಲ್ಲಿನ ಚರ್ಚಿನ ಪುಸ್ತಕಭಂಡಾರದಿಂದ ಅದೇ ಫ್ಲಾಯರನ ಪುಸ್ತಕವನ್ನು ಎರವಲು ತಂದು ಓದಿದನು. ಭಾಷೆಯ ಶಬ್ದಗಳಿಗೆಲ್ಲ ಅರ್ಥ ಬರೆದವನು ತನ್ನ ಉಸಿರಿನ ಅರ್ಥವನ್ನು ಹುಡುಕುತ್ತ ಎಪ್ಪತ್ತೈದರ ವಯಸ್ಸಿನಲ್ಲಿ ಪುಟ ತಿರುವುತ್ತಿದ್ದ ಚಿತ್ರವನ್ನು ನಾನು ಆಗಾಗ ನೆನೆಯುವುದುಂಟು.

ಮುಂದಿನ ಘಟ್ಟಕ್ಕೆ ನಮ್ಮ ನೆರೆಯ ಮದ್ರಾಸೇ ರಂಗಸ್ಥಳ. ನಮ್ಮಲ್ಲಿ ಶಿವನಿಗೆ ಪ್ರಿಯವೆಂದು ಹೆಸರಾದ ಉಮ್ಮತ್ತಿಯನ್ನು, ಅಂದರೆ ದತ್ತೂರಿಯನ್ನು, ಉಬ್ಬಸದವರು ಒಣಗಿಸಿ ಹೊಗೆ ಸೇದುವ ಪದ್ಧತಿ ದಕ್ಷಿಣದಲ್ಲಿ ರೂಢಿಯಲ್ಲಿತ್ತು. ಮದ್ರಾಸಿನಲ್ಲಿ ಕಂಪನಿಯ ಮುಖ್ಯ ವೈದ್ಯನಾಗಿದ್ದ ಜೇಮ್ಸ್ ಆ್ಯಂಡರ್ಸನ್ ಅದನ್ನು ಬಲ್ಲವನಾಗಿದ್ದನು. ಅವನಿಂದ ಅದನ್ನು ತಿಳಿದ ಜನರಲ್ ಜೆಂಟ್ ಎಂಬ ಸೇನಾಧಿಕಾರಿ ೧೮೦೨ರಲ್ಲಿ ಆ ಗಿಡವನ್ನು ಬ್ರಿಟನ್ನಿಗೆ ಒಯ್ದನು. ಕೆಲವೇ ವರ್ಷಗಳಲ್ಲಿ ಯುರೋಪಿನಲ್ಲೆಲ್ಲ ಉಮ್ಮತ್ತಿಯ ಸಿಗರೇಟು, ಉಮ್ಮತ್ತಿಯ ಧೂಪದ ಪುಡಿ ಅಂಗಡಿಗಳಿಗೆ ಬಂದವು. ಫ್ರೆಂಚ್ ಕಾದಂಬರಿಕಾರ ಮಾರ್ಸೆಲ್ ಪ್ರೂಸ್ತನಿಗೆ ಒಂಬತ್ತರ ವಯಸ್ಸಿನಲ್ಲಿ ಮೊದಲ ಸಲ ಉಬ್ಬಸ ಬಂದಿತು. ಅವನ ತಂದೆ ಪ್ಯಾರಿಸಿನ ಹೆಸರಾಂತ ವೈದ್ಯ. ಮಗನಿಗೆ ಅದರಿಂದ ಏನೂ ಪ್ರಯೋಜನವಾಗಲಿಲ್ಲ. ದೊಡ್ಡವನಾದ ಮೇಲೆ ಅವನು ಗೋಡೆಗಳಿಗೆ ಬೆಂಡಿನ ಹಲಗೆ ಹೊಡೆಸಿದ ಕೋಣೆಯಲ್ಲಿ, ಕಿಟಕಿಗಳನ್ನು ಬಿಗಿದು, ಇಂಥ ಪುಡಿಗಳ ಹೊಗೆ ಹಾಕಿಕೊಂಡು, ಹಗಲು ಮಲಗಿ ಇರುಳು ಬರೆದನು. ಕಡೆಯ ವರ್ಷಗಳಲ್ಲಿ ಅವನ ಆಹಾರ ಬಹುಮಟ್ಟಿಗೆ ಹಾಲು ಬೆರೆತ ಕಾಫಿ ಮತ್ತು ಒಂದು ಬಗೆಯ ರೊಟ್ಟಿ. ೧೯೨೨ರ ನವೆಂಬರಿನಲ್ಲಿ ಐವತ್ತೊಂದರ ವಯಸ್ಸಿಗೆ ತೀರಿಕೊಂಡನು.

ಉಮ್ಮತ್ತಿಯಲ್ಲಿ ಗುಣವಿಲ್ಲದೆ ಇರಲಿಲ್ಲ. ಅದರಲ್ಲಿರುವ ಅಟ್ರೋಪಿನ್ ಜಾತಿಯ ಸತ್ತ್ವಗಳು ಶ್ವಾಸನಾಳದ ಸ್ನಾಯುಗಳ ಬಿಗಿತವನ್ನು ಸಡಿಲಿಸುತ್ತವೆ. ಆ ರಸಾಯನವನ್ನೇ ತಿದ್ದಿ ಮಾಡಿದ ಇಪ್ರಟ್ರೋಪಿಯಂ ಎಂಬ ಔಷಧ ಇಂದಿಗೂ ಬಳಕೆಯಲ್ಲಿದೆ. ಆದರೆ ಗಿಡವೇ ವಿಷ; ಪ್ರಮಾಣ ತಪ್ಪಿದರೆ ಭ್ರಾಂತಿ, ಮರಣ. ಈ ಭಾಷಣವನ್ನು ಕೇಳಿ ಯಾರೂ ಹಿತ್ತಿಲಿನ ಉಮ್ಮತ್ತಿಯ ಕಡೆ ನೋಡಬಾರದೆಂದು ಕೇಳಿಕೊಳ್ಳುತ್ತೇನೆ.

ಕಾಫಿಯ ಮಾತು ಬಂತು. ಲಂಡನ್ನಿನ ವೈದ್ಯ ಹೆನ್ರಿ ಹೈಡ್ ಸಾಲ್ಟರ್, ಅವನೂ ಬಾಲ್ಯದಿಂದ ಉಬ್ಬಸದ ರೋಗಿ, ೧೮೬೦ರಲ್ಲಿ ಬರೆದ ಗ್ರಂಥದಲ್ಲಿ ಗಟ್ಟಿಯಾದ ಕಾಫಿಯನ್ನು ಹಾಲು ಸಕ್ಕರೆಯಿಲ್ಲದೆ ಖಾಲಿ ಹೊಟ್ಟೆಯಲ್ಲಿ ಕುಡಿಯುವುದನ್ನು ಉತ್ತಮವಾದ ಮದ್ದುಗಳಲ್ಲಿ ಒಂದೆಂದು ಹೊಗಳಿದ್ದಾನೆ. ಚಿಕ್ಕಮಗಳೂರಿನ ಕಡೆಯವರಿಗೆ ಇದು ಹೆಮ್ಮೆಯ ಮಾತಾಗಬಹುದು. ಇದರ ಹಿಂದಿನ ಕಾರಣವೂ ಆಮೇಲೆ ತಿಳಿಯಿತು. ೧೮೮೮ರಲ್ಲಿ ಜರ್ಮನಿಯ ಆಲ್ಬ್ರೆಕ್ಟ್ ಕೋಸೆಲ್ ಎಂಬಾತ ಚಹದ ಎಲೆಯಿಂದ ಥಿಯೋಫಿಲಿನ್ ಎಂಬ ಸತ್ತ್ವವನ್ನು ಬೇರ್ಪಡಿಸಿದನು. ಕಾಫಿಯಲ್ಲಿರುವ ಕೆಫೀನ್ ಅದರ ಹತ್ತಿರದ ನಂಟ. ೧೯೨೨ರ ಹೊತ್ತಿಗೆ ಥಿಯೋಫಿಲಿನ್ ಆಸ್ತಮಾಕ್ಕೆ ಔಷಧವಾಯಿತು. ನಮ್ಮ ಔಷಧದಂಗಡಿಗಳಲ್ಲಿ ಅದರ ಗುಳಿಗೆಗಳು ದಶಕಗಳ ಕಾಲ ಎಣಿಕೆಯಿಲ್ಲದೆ ಮಾರಾಟವಾದವು. ಕಾಫಿ ಕುಡಿದರೆ ನಾಲ್ಕು ಗಂಟೆಗಳವರೆಗೆ ಶ್ವಾಸನಾಳ ಸ್ವಲ್ಪಮಟ್ಟಿಗೆ ತೆರೆಯುತ್ತದೆ ಎಂಬುದು ಇಂದಿನ ಪರೀಕ್ಷೆಗಳಲ್ಲೂ ಕಂಡಿದೆ. ಆ 'ಸ್ವಲ್ಪಮಟ್ಟಿಗೆ' ಎಂಬುದನ್ನು ಮರೆಯಬಾರದು. ಉಸಿರು ಕಟ್ಟಿದವನಿಗೆ ಕಾಫಿ ಕೊಟ್ಟು ಕಾಯುತ್ತ ಕೂರುವುದು ತರವಲ್ಲ. ರಾತ್ರಿ ತಡವಾಗಿ ಹೊಟ್ಟೆತುಂಬ ಉಣ್ಣಬಾರದು ಎಂಬುದು ಸಾಲ್ಟರನ ಇನ್ನೊಂದು ಉಪದೇಶ. ಹೊಟ್ಟೆಯ ಹುಳಿ ಮೇಲಕ್ಕೆ ಉಕ್ಕಿ ಬರುವವರಲ್ಲಿ ಉಬ್ಬಸ ಕೆರಳುವುದನ್ನು ಈಗಿನ ವೈದ್ಯರೂ ಬಲ್ಲರು. ಈ ರೋಗದ ಮೂಲ ಜಠರದ ಕಡೆಗಿದೆ ಎಂದ ಚರಕನೂ, ಉಂಡು ಮಲಗಬೇಡವೆಂದ ಮೈಮೊನಿಡೀಸನೂ, ಸಾಲ್ಟರನೂ ಒಬ್ಬರನ್ನೊಬ್ಬರು ಓದದೆ ಒಂದೇ ಕಡೆಗೆ ಬೆರಳು ತೋರಿಸಿದ್ದಾರೆ.

ನಮ್ಮ ಸೊಪ್ಪುಗಳ ವಿಚಾರವಾಗಿ ಎರಡು ಮಾತು. ಬೇಲಿಯ ಆಡುಸೋಗೆ ಕೆಮ್ಮಿಗೆ ಮದ್ದೆಂಬುದು ಎಲ್ಲರಿಗೂ ಗೊತ್ತು. ಅದರ ವ್ಯಾಸಿಸಿನ್ ಎಂಬ ಸತ್ತ್ವವನ್ನು ಮಾದರಿಯಾಗಿಟ್ಟುಕೊಂಡು, ೧೯೬೦ರ ದಶಕದಲ್ಲಿ, ಕಫವನ್ನು ತೆಳುಮಾಡುವ ಬ್ರೋಮ್‌ಹೆಕ್ಸಿನ್ ಎಂಬ ಔಷಧವನ್ನು ತಂದರು. ಇಂದು ಅಂಗಡಿಯಲ್ಲಿ ಕೊಳ್ಳುವ ಎಷ್ಟೋ ಕೆಮ್ಮಿನ ಸಿರಪ್ಪುಗಳಲ್ಲಿ ನಮ್ಮ ಬೇಲಿಯ ಗಿಡದ ವಂಶವಿದೆ. ಇನ್ನೊಂದು ಆಡುಮುಟ್ಟದ ಬಳ್ಳಿ. ಆಡು ಮುಟ್ಟದ ಸೊಪ್ಪಿಲ್ಲ ಎಂಬ ಗಾದೆಗೆ ಅಪವಾದವಾಗಿ ನಿಂತದ್ದು ಇದು. ಇದರ ಒಂದು ಎಲೆಯನ್ನು ದಿನವೂ ಬೆಳಗ್ಗೆ ಅಗಿದರೆ ಆರು ದಿನದಲ್ಲಿ ಗುಣ ಕಾಣುತ್ತದೆಂದು ದೆಹಲಿಯ ವೈದ್ಯರು ೧೯೬೦ರ ದಶಕದ ಕಡೆಯಲ್ಲಿ ವರದಿ ಮಾಡಿದಾಗ ದೊಡ್ಡ ಆಸೆ ಹುಟ್ಟಿತ್ತು. ರೋಗಿಗೂ ವೈದ್ಯನಿಗೂ ಯಾವುದು ಎಲೆ, ಯಾವುದು ಬರಿಯ ಸೋಗು ಎಂದು ತಿಳಿಯದಂತೆ ೧೯೭೯ರಲ್ಲಿ ಪರೀಕ್ಷೆ ನಡೆಸಿದಾಗ ವ್ಯತ್ಯಾಸ ಕಾಣಲಿಲ್ಲ. ನಮ್ಮ ದೇಶದವರೇ ಹೊಗಳಿದ್ದನ್ನು ನಮ್ಮ ದೇಶದವರೇ ಒರೆಗೆ ಹಚ್ಚಿ ಹೇಳಿದರು. ಇದಕ್ಕೆ ನಾವು ತಲೆ ತಗ್ಗಿಸಬೇಕಾಗಿಲ್ಲ.

ಇಪ್ಪತ್ತನೆಯ ಶತಮಾನದ ಔಷಧಗಳ ಚರಿತ್ರೆಯನ್ನು ಬೇಗ ದಾಟುತ್ತೇನೆ. ೧೯೦೩ರಲ್ಲಿ ಅಡ್ರಿನಲಿನ್ ಚುಚ್ಚುಮದ್ದು. ೧೯೨೪ರಿಂದ ಚೀಣೀ ಗಿಡವೊಂದರ ಎಫೆಡ್ರಿನ್. ೧೯೫೦ರ ಸುಮಾರಿಗೆ ಸ್ಟೆರಾಯ್ಡುಗಳು. ೧೯೫೬ರಲ್ಲಿ ಅಳತೆಯಾಗಿ ಮದ್ದನ್ನು ಚಿಮ್ಮಿಸುವ, ನಮ್ಮ ಜನ ಪಂಪು ಎಂದು ಕರೆಯುವ ಇನ್‌ಹೇಲರು. ಅಮೆರಿಕದ ಔಷಧ ಕಂಪನಿಯೊಂದರ ಅಧ್ಯಕ್ಷನ ಹದಿಮೂರು ವರ್ಷದ ಮಗಳು, ಕೂದಲಿಗೆ ಹಾಕುವ ದ್ರವ ಸಿಂಪಡಿಸುವ ಡಬ್ಬಿಯಲ್ಲಿ ತನ್ನ ಉಬ್ಬಸದ ಮದ್ದನ್ನು ಏಕೆ ತುಂಬಬಾರದು ಎಂದು ತಂದೆಯನ್ನು ಕೇಳಿದಳಂತೆ. ಅಲ್ಲಿಂದ ಅದು ಹುಟ್ಟಿತು. ಈ ನಡುವೆ, ೧೯೪೦ರ ದಶಕದಲ್ಲಿ, ಆಸ್ತಮಾ ಮನಸ್ಸಿನ ರೋಗ, ತಾಯಿಗಾಗಿ ಅಳಲಾರದೆ ಅದುಮಿಟ್ಟ ಅಳು ಎಂದು ಸಿದ್ಧಾಂತ ಕಟ್ಟಿದ ಪಂಡಿತರೂ ಇದ್ದರು. ಎಷ್ಟು ತಾಯಂದಿರು ಇದರಿಂದ ತಮ್ಮನ್ನು ತಾವೇ ಹಳಿದುಕೊಂಡಿರಬೇಕು! ೧೯೬೬ರಲ್ಲಿ ಜಪಾನಿನ ಇಷಿಜಾಕಾ ದಂಪತಿಗಳು ಅಮೆರಿಕದಲ್ಲಿ ಕೆಲಸ ಮಾಡುತ್ತ, ಒಗ್ಗದಿಕೆಗೆ ಕಾರಣವಾದ ಐಜಿಇ ಎಂಬ ಪ್ರತಿಕಾಯವನ್ನು ರಕ್ತದಲ್ಲಿ ಗುರುತಿಸಿದರು. ಉಬ್ಬಸವೆಂದರೆ ಶ್ವಾಸನಾಳದ ಒಳಪದರ ಸದಾ ಕೆಂಪಾಗಿ ಊದಿಕೊಂಡಿರುವ ಸ್ಥಿತಿ. ಧೂಳು, ಹೊಗೆ, ಥಂಡಿ ಬಂದಾಗ ಅದು ಬಿಗಿದುಕೊಳ್ಳುತ್ತದೆ ಎಂಬ ತಿಳಿವಳಿಕೆ ಕ್ರಮೇಣ ಗಟ್ಟಿಯಾಯಿತು. ಬಿಗಿತವನ್ನು ಸಡಿಲಿಸುವ ಮದ್ದು ಬೇರೆ, ಊತವನ್ನು ಇಳಿಸುವ ಮದ್ದು ಬೇರೆ. ಒಳಗೆಳೆದುಕೊಳ್ಳುವ ಸ್ಟೆರಾಯ್ಡು ೧೯೭೨ರಲ್ಲಿ ಬಂದದ್ದು ಈ ಎರಡನೆಯದಕ್ಕಾಗಿ.

ಸಾಹಿತ್ಯದವರು ನೆನೆಯಬೇಕಾದ ಇನ್ನೊಬ್ಬನಿದ್ದಾನೆ. ಆರ್ಥರ್ ರಾನ್ಸಮ್ ೧೯೩೦ರಲ್ಲಿ ಬರೆದ ಸ್ವಾಲೋಸ್ ಆ್ಯಂಡ್ ಅಮೆಜಾನ್ಸ್ ಎಂಬ ಮಕ್ಕಳ ಕಾದಂಬರಿಯಲ್ಲಿ ರೋಜರ್ ಎಂಬ ಪುಟ್ಟ ಹುಡುಗ ಬರುತ್ತಾನೆ. ಆ ಪಾತ್ರಕ್ಕೆ ಹೆಸರು ಕೊಟ್ಟ ನಿಜವಾದ ಹುಡುಗ, ರೋಜರ್ ಆಲ್ಟುನ್ಯನ್, ದೊಡ್ಡವನಾಗಿ ವೈದ್ಯನಾದನು; ಉಬ್ಬಸ ಅವನನ್ನೂ ಬಿಡಲಿಲ್ಲ. ಈಜಿಪ್ಟಿನ ಕಡೆ ಬೆಳೆಯುವ ಒಂದು ಗಿಡದ ಬೀಜದ ಸತ್ತ್ವದಿಂದ ಹೊರಟ ನೂರಾರು ಸಂಯುಕ್ತಗಳನ್ನು ಎಂಟು ವರ್ಷ ತನ್ನ ಮೇಲೆಯೇ ಪ್ರಯೋಗಿಸಿದನು. ಪ್ರತಿ ಸಲವೂ ತನಗೆ ಒಗ್ಗದ ಗಿನಿಯಿಲಿಯ ತುಪ್ಪುಳದ ಸಾರವನ್ನು ಬೇಕೆಂದೇ ಒಳಗೆಳೆದುಕೊಂಡು ಉಬ್ಬಸವನ್ನು ಬರಿಸಿಕೊಳ್ಳುತ್ತಿದ್ದನು. ೧೯೬೫ರಲ್ಲಿ ಅವನಿಗೆ ಸಿಕ್ಕಿದ ಕ್ರೋಮೋಗ್ಲೈಕೇಟ್ ಎಂಬ ಮದ್ದು ಒಂದು ತಲೆಮಾರಿನ ಮಕ್ಕಳಿಗೆ ಶಾಲೆಯ ಆಟದ ಬಯಲನ್ನು ತೆರೆದುಕೊಟ್ಟಿತು.

ಹಾಗಾದರೆ ಪಥ್ಯದ ಗತಿಯೇನು ಎಂದು ಕೇಳಬಹುದು. ಚರಿತ್ರೆ ಇಲ್ಲಿ ಒಂದು ತಿರುವು ಪಡೆದಿದೆ. 'ಏನನ್ನು ಬಿಡಬೇಕು' ಎಂಬ ಹಳೆಯ ಪ್ರಶ್ನೆ ಹಿಂದೆ ಸರಿದು 'ಏನನ್ನು ಉಣ್ಣಬೇಕು' ಎಂಬುದು ಮುಂದೆ ಬಂದಿದೆ. ಆಸ್ಟ್ರೇಲಿಯದಲ್ಲಿ ೧೩೭ ಜನ ವಯಸ್ಕ ರೋಗಿಗಳ ಮೇಲೆ ನಡೆದು ೨೦೧೨ರಲ್ಲಿ ಪ್ರಕಟವಾದ ಪರೀಕ್ಷೆಯೊಂದರಲ್ಲಿ, ಒಂದು ಗುಂಪಿಗೆ ದಿನಕ್ಕೆ ಐದು ಪಾಲು ತರಕಾರಿ, ಎರಡು ಪಾಲು ಹಣ್ಣು. ಇನ್ನೊಂದಕ್ಕೆ ಎರಡು ಪಾಲು ತರಕಾರಿ, ಒಂದು ಪಾಲು ಹಣ್ಣು. ಕಡಿಮೆ ತಿಂದವರಲ್ಲಿ ರೋಗ ಕೆರಳುವ ಸಂಭವ ಎರಡು ಪಟ್ಟಿಗೂ ಮೀರಿತ್ತು. ಕಡಿಮೆ ತಿಂದವರಲ್ಲಿ ಕೆಲವರಿಗೆ ಟೊಮೆಟೊ ಹಣ್ಣಿನ ಸಾರವನ್ನು ಗುಳಿಗೆಯಾಗಿ ಕೊಟ್ಟು ನೋಡಿದರು. ಗುಳಿಗೆಯಿಂದ ಏನೂ ಆಗಲಿಲ್ಲ. ತರಕಾರಿ ಮಾಡಿದ ಕೆಲಸವನ್ನು ತರಕಾರಿಯಿಂದ ತೆಗೆದ ಗುಳಿಗೆ ಮಾಡಲಿಲ್ಲ ಎಂಬುದು ನನಗೆ ಬಹಳ ಅರ್ಥಗರ್ಭಿತವಾಗಿ ಕಂಡಿದೆ. ಮೈ ತೂಕ ಅತಿಯಾದವರು ಅದನ್ನು ಇಳಿಸಿಕೊಂಡರೆ ಉಸಿರಾಟ ಉತ್ತಮವಾಗುತ್ತದೆ ಎಂಬುದನ್ನು ಫಿನ್ಲೆಂಡಿನವರು ೨೦೦೦ದಲ್ಲೇ ತೋರಿಸಿದ್ದಾರೆ. ಬಿಡಬೇಕಾದುದೂ ಕೆಲವರಿಗೆ ಉಂಟು: ಬಣ್ಣ ಕೆಡದಂತೆ ಗಂಧಕದ ಲವಣ ಹಾಕಿದ ಒಣಹಣ್ಣುಗಳು ಹಾಗೂ ಮದ್ಯ ಕೆಲವರಲ್ಲಿ ಉಬ್ಬಸ ಕೆರಳಿಸುತ್ತವೆ, ಆಸ್ಪಿರಿನ್ ಮತ್ತು ಆ ಜಾತಿಯ ನೋವಿನ ಗುಳಿಗೆಗಳು ಕೆಲವರಿಗೆ ಪ್ರಾಣಾಪಾಯವನ್ನೇ ತರಬಲ್ಲವು. ಬಾಳೆಹಣ್ಣಿಗೆ ಹೆದರುವ ಮನೆಗಳಲ್ಲಿ ಈ ಗುಳಿಗೆಗಳು ಯಾರ ಭಯವೂ ಇಲ್ಲದೆ ಕಪಾಟಿನಲ್ಲಿರುತ್ತವೆ.

ಪೂರಕ ಗುಳಿಗೆಗಳ ವ್ಯಾಪಾರ ಈಗ ದೊಡ್ಡದು. ಡಿ ಜೀವಸತ್ವ ಕೊಟ್ಟರೆ ತೀವ್ರವಾದ ಉಬ್ಬಸ ಕಡಿಮೆಯಾಗುತ್ತದೆಂದು ೨೦೧೬ರಲ್ಲಿ ಪರೀಕ್ಷೆಗಳನ್ನೆಲ್ಲ ಕೂಡಿಸಿ ನೋಡಿದವರು ಹೇಳಿದರು; ಹೆಚ್ಚು ಪರೀಕ್ಷೆಗಳನ್ನು ಸೇರಿಸಿ ೨೦೨೩ರಲ್ಲಿ ಮತ್ತೆ ನೋಡಿದಾಗ ಆ ಗುಣ ಕಾಣಲಿಲ್ಲವೆಂದರು. ಸಿ ಜೀವಸತ್ವದ ಪರವಾಗಿ ಹೇಳಿಕೊಳ್ಳುವಂಥ ಸಾಕ್ಷ್ಯವಿಲ್ಲ. ಮೆಗ್ನೀಸಿಯಂ ಆಸ್ಪತ್ರೆಯಲ್ಲಿ ರಕ್ತನಾಳದ ಮೂಲಕ ಕೊಟ್ಟಾಗ ತೀವ್ರ ಸ್ಥಿತಿಯಲ್ಲಿ ನೆರವಾಗುತ್ತದೆ. ಬಾಯಲ್ಲಿ ನುಂಗುವ ಗುಳಿಗೆಗೆ ಆ ಪುರಾವೆಯಿಲ್ಲ. ಮೀನೆಣ್ಣೆಯ ಕಥೆ ಸ್ವಾರಸ್ಯವಾದದ್ದು. ರೋಗ ಬಂದ ಮೇಲೆ ಅದರಿಂದ ಅಂಥ ಪ್ರಯೋಜನ ಕಾಣುವುದಿಲ್ಲ. ಆದರೆ ಡೆನ್ಮಾರ್ಕಿನಲ್ಲಿ ಬಸುರಿಯರಿಗೆ ಕಡೆಯ ಮೂರು ತಿಂಗಳು ಅದನ್ನು ಕೊಟ್ಟಾಗ, ಅವರ ಮಕ್ಕಳಲ್ಲಿ ಉಬ್ಬಸ ಬಂದದ್ದು ನೂರಕ್ಕೆ ೧೭ರಷ್ಟು, ಕೊಡದವರ ಮಕ್ಕಳಲ್ಲಿ ೨೪ರಷ್ಟು ಎಂದು ೨೦೧೬ರಲ್ಲಿ ಪ್ರಕಟವಾಯಿತು. ಅದು ಮೀನು ಉಣ್ಣುವ ನಾಡಿನ ಒಂದು ಪರೀಕ್ಷೆ. ನಮ್ಮ ಬಸುರಿಯರು ವೈದ್ಯರನ್ನು ಕೇಳದೆ ಅನುಸರಿಸತಕ್ಕದ್ದಲ್ಲ.

ಮೀನೆಂದ ಕೂಡಲೆ ಹೈದರಾಬಾದು ನೆನಪಾಗುತ್ತದೆ. ಮೃಗಶಿರಾ ಮಳೆ ಹುಟ್ಟುವ ದಿನ ಅಲ್ಲಿ ಒಂದು ಮನೆತನದವರು ಹಳದಿ ಬಣ್ಣದ ಲೇಹ್ಯವನ್ನು ಜೀವಂತವಾದ ಕೊರವ ಮೀನಿನ ಬಾಯಲ್ಲಿಟ್ಟು ಅದನ್ನು ರೋಗಿಯ ಗಂಟಲಿಗೆ ಇಳಿಸುತ್ತಾರೆ. ಮೀನು ಒಲ್ಲದವರಿಗೆ ಬೆಲ್ಲ. ೧೮೪೫ರಿಂದ ನಡೆದುಬಂದಿದೆಯೆಂದು ಅವರು ಹೇಳುತ್ತಾರ‍ೆ. ದುಡ್ಡು ತೆಗೆದುಕೊಳ್ಳುವುದಿಲ್ಲ, ಮದ್ದಿನ ಗುಟ್ಟನ್ನೂ ಹೇಳುವುದಿಲ್ಲ. ಅದರಿಂದ ಗುಣವಾಗುತ್ತದೆಂಬುದು ಪರೀಕ್ಷೆಯಿಂದ ಸಿದ್ಧಪಟ್ಟಿಲ್ಲ. ಅಲ್ಲಿ ಸಾಲಿನಲ್ಲಿ ನಿಂತ ಸಾವಿರಾರು ಜನರನ್ನು ಮೂಢರೆಂದು ನಗುವುದು ಸುಲಭ; ಮಗುವನ್ನು ಹೆಗಲ ಮೇಲೆ ಹೊತ್ತು ರಾತ್ರಿಯೆಲ್ಲ ನಿಂತವನಿಗೆ ಆ ನಗೆಯಿಂದ ಏನಾಗಬೇಕು?

ಆದರೆ ಲೆಕ್ಕವನ್ನು ನೋಡಲೇಬೇಕು. ೨೦೧೯ರ ಜಾಗತಿಕ ಗಣನೆಯಂತೆ ಲೋಕದ ಆಸ್ತಮಾ ರೋಗಿಗಳಲ್ಲಿ ನೂರಕ್ಕೆ ಸುಮಾರು ೧೩ ಜನ ಭಾರತದವರು; ಆಸ್ತಮಾದಿಂದ ಸತ್ತವರಲ್ಲಿ ನೂರಕ್ಕೆ ೪೨ ಜನ ಭಾರತದವರು. ಬೆಂಗಳೂರಿನ ಮಕ್ಕಳ ವೈದ್ಯ ಡಾ. ಎಚ್. ಪರಮೇಶ್ ಅವರು ತಾವು ಕಂಡ ಮಕ್ಕಳಲ್ಲಿ ಆಸ್ತಮಾ ೧೯೭೯ರಲ್ಲಿ ನೂರಕ್ಕೆ ೯ರಷ್ಟು ಇದ್ದದ್ದು ೧೯೯೯ರ ಹೊತ್ತಿಗೆ ೨೯.೫ಕ್ಕೆ ಏರಿದ್ದನ್ನು ದಾಖಲಿಸಿದ್ದಾರೆ. ಹೊಗೆ, ಧೂಳು, ಕಿಕ್ಕಿರಿದ ಮನೆಗಳು ರೋಗವನ್ನು ಹೆಚ್ಚಿಸಿವೆ. ಸಾವನ್ನು ಹೆಚ್ಚಿಸಿದ್ದು ಮದ್ದಿನ ಮೇಲಿನ ಸಂಕೋಚ. ಪಂಪು ಹಿಡಿದರೆ ಬಿಡಲಾಗದು, ಅದು ಕಡೆಯ ಮದ್ದು, ಹೆಣ್ಣುಮಗಳ ಕೈಯಲ್ಲಿ ಅದನ್ನು ಕಂಡರೆ ಮದುವೆಯಾಗದು ಎಂಬ ಮಾತುಗಳನ್ನು ನಾನೇ ಎಷ್ಟೋ ಸಲ ಕೇಳಿದ್ದೇನೆ. ಗುಳಿಗೆಯಲ್ಲಿ ಸಾವಿರಾರು ಮೈಕ್ರೋಗ್ರಾಮ್ ನುಂಗಬೇಕಾದ ಮದ್ದು ಪಂಪಿನಲ್ಲಿ ಕೆಲವು ನೂರಷ್ಟಿದ್ದರೆ ಸಾಕು, ನೇರವಾಗಿ ಬೇಕಾದ ಜಾಗಕ್ಕೇ ಹೋಗುತ್ತದೆ ಎಂಬುದನ್ನು ಯಾರೂ ಹೇಳುವುದಿಲ್ಲ. ಗುಟ್ಟಿನ ಪುಡಿಗಳಲ್ಲಿ ಕೆಲವಕ್ಕೆ ಅದೇ ಸ್ಟೆರಾಯ್ಡನ್ನು ಅಳತೆಯಿಲ್ಲದೆ ಬೆರೆಸಿರುವುದು ಪ್ರಯೋಗಾಲಯಗಳಲ್ಲಿ ಪತ್ತೆಯಾಗಿದೆ. ಪಂಪಿಗೆ ಅಂಜಿದವರು ಅದನ್ನು 'ಗಿಡಮೂಲಿಕೆ' ಎಂದು ನಂಬಿ ನೆಕ್ಕುತ್ತಾರೆ.

ನನ್ನ ವಿದ್ಯಾರ್ಥಿನಿಯೊಬ್ಬಳು, ಬಿ.ಎ. ತರಗತಿಯಲ್ಲಿ ಹಳಗನ್ನಡವನ್ನು ತಪ್ಪಿಲ್ಲದೆ ಓದುತ್ತಿದ್ದವಳು, ಪಂಪನ್ನು ಕರವಸ್ತ್ರದಲ್ಲಿ ಸುತ್ತಿ ಊಟದ ಡಬ್ಬಿಯ ಚೀಲದ ತಳದಲ್ಲಿ ಇಟ್ಟುಕೊಳ್ಳುತ್ತಿದ್ದಳು. ಉಸಿರು ಕಟ್ಟಿದಾಗ ತರಗತಿಯಿಂದ ಎದ್ದು, ಮೆಟ್ಟಿಲ ಕೆಳಗೆ ಹೋಗಿ, ಯಾರೂ ಇಲ್ಲವೆಂದು ನೋಡಿಕೊಂಡು ಎಳೆದು ಬರುತ್ತಿದ್ದಳು. ಮನೆಯಲ್ಲಿ ಹಾಗೆಂದು ಕಟ್ಟಪ್ಪಣೆಯಾಗಿತ್ತು. ಒಮ್ಮೆ ಮೆಟ್ಟಿಲವರೆಗೆ ಹೋಗಲಾರದೆ ಬಾಗಿಲಲ್ಲೇ ಕುಸಿದಳು. ಗೆಳತಿಯರಲ್ಲಿ ಒಬ್ಬಳಿಗೆ ಮಾತ್ರ ಚೀಲದ ಗುಟ್ಟು ಗೊತ್ತಿದ್ದರಿಂದ ಬದುಕಿದಳು. ಅವಳು ಬಳಸುತ್ತಿದ್ದದ್ದು ತಕ್ಷಣಕ್ಕೆ ಸಡಿಲಿಸುವ ಮದ್ದು ಮಾತ್ರ. ಊತ ಇಳಿಸುವುದನ್ನು 'ದಿನಾ ಏಕೆ' ಎಂದು ಮನೆಯವರು ನಿಲ್ಲಿಸಿದ್ದರು. ಸಡಿಲಿಸುವ ಮದ್ದೊಂದನ್ನೇ ನಂಬಿಕೊಂಡಿರುವುದು ಸಲ್ಲದೆಂದು ಆಸ್ತಮಾ ತಜ್ಞರ ಅಂತರರಾಷ್ಟ್ರೀಯ ಮಂಡಲಿ ೨೦೧೯ರಿಂದ ಸ್ಪಷ್ಟವಾಗಿ ಹೇಳುತ್ತಿದೆ. ಆ ಹುಡುಗಿ ಆಸ್ಪತ್ರೆಯಿಂದ ಬಂದ ಮೇಲೆ ವೈದ್ಯರು ಎರಡೂ ಮದ್ದುಗಳ ವಿವರವನ್ನು ಕನ್ನಡದಲ್ಲಿ ಒಂದು ಹಾಳೆಯ ಮೇಲೆ ಬರೆಸಿಕೊಟ್ಟಿದ್ದರು: ಯಾವುದು ದಿನವೂ, ಯಾವುದು ಸಂಕಟ ಬಂದಾಗ, ಎಷ್ಟು ಸಲಕ್ಕೆ ಇಳಿಯದಿದ್ದರೆ ಆಸ್ಪತ್ರೆಗೆ ಓಡಬೇಕು, ಮದ್ದು ಎಳೆದ ಮೇಲೆ ಬಾಯಿ ಮುಕ್ಕಳಿಸಿ ಉಗುಳಬೇಕು. ಕೆಳಗೆ ಪಥ್ಯ ಎಂಬ ತಲೆಬರಹವಿತ್ತು. ಅದರ ಮುಂದೆ, ಹಣ್ಣು ತರಕಾರಿ ಧಾರಾಳವಾಗಿ, ರಾತ್ರಿ ಊಟ ಬೇಗ, ಬಾಳೆಹಣ್ಣು ಮೊಸರು ತಿನ್ನಬಹುದು ಎಂದು ಬರೆದಿತ್ತು. 'ತಿನ್ನಬಹುದು' ಎಂಬುದರ ಕೆಳಗೆ ಅವರು ಎರಡು ಗೆರೆ ಎಳೆದಿದ್ದರು.